ಏರಿದವರು, ಏರಿಸಿದವರು

2025ರ ಮೇ 8ರ ರಾತ್ರಿ ಊಟದ ಹೊತ್ತಿಗೆ ನಮ್ಮ ಟೀವಿಗಳಲ್ಲೆಲ್ಲ ರೋಮಿನ ಒಂದು ಚಿಮಣಿ ಕಾಣಿಸುತ್ತಿತ್ತು. ಅದರ ಕೆಳಗೆ, ಸಿಸ್ಟೀನ್ ಪ್ರಾರ್ಥನಾಲಯದ ಬಾಗಿಲು ಹಾಕಿಕೊಂಡು 133 ಕಾರ್ಡಿನಲ್‌ಗಳು ಕೂತಿದ್ದರು. ಹೊಗೆ ಬೆಳ್ಳಗೆ ಬಂತು, ಹದಿನಾಲ್ಕನೆಯ ಲಿಯೋ ಪೋಪ್ ಆದರು. ಒಳಗೆ ಯಾರು ಯಾರಿಗೆ ಮತ ಹಾಕಿದರು ಎಂಬುದು ಗುಟ್ಟಾಗಿಯೇ ಉಳಿಯಿತು. ಆದರೆ ಆಯ್ಕೆ ಯಾವ ಕ್ರಮದಲ್ಲಿ ನಡೆಯಬೇಕು, ಎಷ್ಟು ಮತ ಬಿದ್ದರೆ ಗೆಲುವು, ಬೀಳದಿದ್ದರೆ ಮುಂದೇನು ಎಂಬುದು ಇಡೀ ಜಗತ್ತಿಗೆ ಮೊದಲೇ ತಿಳಿದಿತ್ತು.

ಚಿತ್ರದುರ್ಗದ ಚರಿತ್ರೆ ಓದಿಕೊಂಡವರಿಗೆ ಆ ರಾತ್ರಿ 1689 ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಆ ವರ್ಷದ ಅಕ್ಟೋಬರ್ 6ರಂದು ರೋಮಿನಲ್ಲಿ ಪಿಯೆತ್ರೊ ಒಟ್ಟೊಬೋನಿ ಎಂಬ 79ರ ಹಿರಿಯರು ಎಂಟನೆಯ ಅಲೆಕ್ಸಾಂಡರ್ ಎಂಬ ಹೆಸರಿನಿಂದ ಪೋಪ್ ಪದವಿಗೆ ಬಂದರು. ಅದೇ ವರ್ಷ ಚಿತ್ರದುರ್ಗದ ಗದ್ದುಗೆಗೆ ಬಿಚ್ಚುಗತ್ತಿ ಭರಮಣ್ಣ ನಾಯಕ ಬಂದ. ಇಬ್ಬರೂ ಹಿಂದಿನವರ ಮಕ್ಕಳಲ್ಲ. ಇಬ್ಬರನ್ನೂ ಬೇರೆಯವರು ಆರಿಸಿ ಕೂರಿಸಿದ್ದು.

ದುರ್ಗವನ್ನು ಆಳಿದ ಕಾಮಗೇತಿ ವಂಶದವರಲ್ಲಿ ನಮ್ಮ ಜನ ಇಂದಿಗೂ ಅಭಿಮಾನದಿಂದ ಹೆಸರು ಹೇಳುವುದು ಹೆಚ್ಚಾಗಿ ಇಬ್ಬರದು. ಒಬ್ಬ ಈ ಭರಮಣ್ಣ, ಇನ್ನೊಬ್ಬ ಕೊನೆಯ ಮದಕರಿ. ಇಬ್ಬರಿಗೂ ಗದ್ದುಗೆ ತಂದೆಯಿಂದ ಬಂದದ್ದಲ್ಲ. ಯೋಗ್ಯನನ್ನು ಗುರುತಿಸುವ ಕಣ್ಣು ದುರ್ಗಕ್ಕೆ ಇತ್ತು ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇಲ್ಲದೇ ಹೋದದ್ದು ಆರಿಸುವ ಕಟ್ಟಳೆ. ಆ ಒಂದು ಕೊರತೆಗೆ ಈ ಊರು ತೆತ್ತ ಬೆಲೆಯನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮೊದಲಿನಿಂದ ನೋಡೋಣ. ವಿಜಯನಗರದ ಅರಸರು ತಿಮ್ಮಣ್ಣ ನಾಯಕನಿಗೆ ಮೊದಲು ಕೊಟ್ಟದ್ದು ಹೊಳಲ್ಕೆರೆಯ ನಾಯಕತನ. ಆಮೇಲೆ ಹಿರಿಯೂರು, ಆಮೇಲೆ ಚಿತ್ರದುರ್ಗ. ಬೇಡ ಪಡೆಯ ಒಬ್ಬ ಸರದಾರ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ. 1565ರಲ್ಲಿ ವಿಜಯನಗರ ಮುರಿದು ಬಿದ್ದ ಮೇಲೆ ಮೇಲಿನಿಂದ ಸನ್ನದು ಕೊಡುವ ಕೈ ವರ್ಷ ವರ್ಷಕ್ಕೂ ಬಲ ಕಳೆದುಕೊಂಡಿತು. ಮೊದಲನೆಯ ಕಸ್ತೂರಿ ರಂಗಪ್ಪ ನಾಯಕ 1602ರಿಂದ 1652ರವರೆಗೆ, ಅವನ ನಂತರ ಎರಡನೆಯ ಮದಕರಿ ನಾಯಕ 1674ರವರೆಗೆ ಆಳಿದರು. ಎರಡೇ ಆಳ್ವಿಕೆಯಲ್ಲಿ ಎಪ್ಪತ್ತೆರಡು ವರ್ಷ. ಅಷ್ಟು ದೀರ್ಘ ಕಾಲ ಗದ್ದುಗೆ ಗಟ್ಟಿಯಾಗಿದ್ದಾಗ ಮುಂದೆ ಯಾರು ಎಂಬ ಪ್ರಶ್ನೆಗೆ ಉತ್ತರ ಕಟ್ಟಿಡುವ ತುರ್ತು ಯಾರಿಗೂ ಕಾಣುವುದಿಲ್ಲ.

1674ರಲ್ಲಿ ಆ ಪ್ರಶ್ನೆ ಎದ್ದಿತು. ಎರಡನೆಯ ಓಬಣ್ಣ ನಾಯಕ ಪಟ್ಟಕ್ಕೆ ಬಂದು ವರ್ಷ ತುಂಬುವುದರೊಳಗೆ ಸತ್ತ. ಸಂಬಳದ ವಿಚಾರದಲ್ಲಿ ರೊಚ್ಚಿಗೆದ್ದ ಸೈನ್ಯವೇ ಅವನನ್ನು ಮುಗಿಸಿತು. ಅವನ ಜಾಗಕ್ಕೆ ಬಂದ ಶೂರಕಾಂತ ನಾಯಕನಿಗೂ ಒಂದೇ ವರ್ಷ. ಚಿಕ್ಕಣ್ಣ ನಾಯಕ 1676ರಿಂದ ಹತ್ತು ವರ್ಷ ತಡೆದ. ಹೊಸದುರ್ಗದ ಬೆಟ್ಟದ ಕೋಟೆ ಅವನ ಹೆಸರಿಗೇ ಸೇರಿದ್ದು. ಅವನ ನಂತರ 1686ರಲ್ಲಿ ಲಿಂಗಣ್ಣ ನಾಯಕ, ಅಂದರೆ ಮೂರನೆಯ ಮದಕರಿ. ಅವನನ್ನು ದಳವಾಯಿ ಮುದ್ದಣ್ಣ ಸೆರೆಗೆ ಹಾಕಿ ಕೊಲ್ಲಿಸಿ, 1688ರಲ್ಲಿ ದೊಣ್ಣೆ ರಂಗಪ್ಪ ನಾಯಕ ಎಂಬವನನ್ನು ತಂದು ಕೂರಿಸಿದ. ಹದಿನೈದು ವರ್ಷದಲ್ಲಿ ಐವರು.

ಈ ದಳವಾಯಿಗಳು ಯಾರು, ಅವರಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಾಳೆಯಪಟ್ಟಿನ ಸೈನ್ಯ ಎಂದರೆ ಇಂದಿನ ಹಾಗೆ ಬೊಕ್ಕಸದಿಂದ ತಿಂಗಳ ಸಂಬಳ ಎಣಿಸಿಕೊಂಡು ಬದುಕುವ ಸೈನ್ಯವಲ್ಲ. ಹೆಚ್ಚಿನ ಬೇಡ ಪದಾತಿಗಳಿಗೆ ಉಂಬಳಿ ಜಮೀನು, ಅದರ ಮೇಲೆ ಯುದ್ಧದ ಕಾಲಕ್ಕೆ ಬತ್ತೆ, ಗೆದ್ದಲ್ಲಿ ಲೂಟಿಯ ಪಾಲು. ಊರೂರಿಂದ ಈ ಜನರನ್ನು ಕರೆಸುವವನು, ಅವರ ಹೆಸರು ಮುಖ ಬಲ್ಲವನು, ಬತ್ತೆ ಹಂಚುವವನು ದಳವಾಯಿ. ನಾಯಕನ ಮುಖ ನೋಡದ ಬಂಟನಿರಬಹುದು, ದಳವಾಯಿಯ ಮಾತು ಕೇಳದ ಬಂಟನಿರಲಿಲ್ಲ. ಗಟ್ಟಿ ನಾಯಕನಿದ್ದಾಗ ದಳವಾಯಿ ಅವನ ಬಲಗೈ. ಗದ್ದುಗೆ ಖಾಲಿಯಾದ ದಿನ ಕೋಟೆಯೊಳಗೆ ಹೇಳಿದ್ದು ನಡೆಸಬಲ್ಲವನು ಅವನೊಬ್ಬನೇ. ಹಾಗಾಗಿ ಮುಂದಿನ ನಾಯಕ ಯಾರು ಎಂಬುದೂ ಅವನ ಬಾಯಿಂದಲೇ ಬರತೊಡಗಿತು. ತ.ರಾ.ಸುಬ್ಬರಾಯರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಓದಿದವರಿಗೆ ಈ ದಿನಗಳ ಉಸಿರುಗಟ್ಟುವ ವಾತಾವರಣ ಗೊತ್ತು. ಕಾದಂಬರಿಕಾರ ಪಾತ್ರಗಳ ಮನಸ್ಸಿಗೆ ಇಳಿದು ಬರೆದರು. ಆದರೆ ದುರಂತದ ಬೇರು ಒಬ್ಬ ಮುದ್ದಣ್ಣನ ದುರಾಸೆಯಲ್ಲಿ ಮಾತ್ರ ಇರಲಿಲ್ಲ. ಮುದ್ದಣ್ಣ ಇಲ್ಲದಿದ್ದರೆ ಇನ್ನೊಬ್ಬ ದಳವಾಯಿ ಅದೇ ಜಾಗದಲ್ಲಿ ನಿಂತಿರುತ್ತಿದ್ದ.

ಇಲ್ಲಿ ನನ್ನನ್ನು ಕಾಡುವ ಒಂದು ಸಂಗತಿ ಇದೆ. ನಮ್ಮ ಜಿಲ್ಲೆಯ ಮ್ಯಾಸಬೇಡರಲ್ಲಿ ಕಟ್ಟೆಮನೆಗಳ ಪದ್ಧತಿ ಇದೆ. ಹಿರಿಯರು ಕೂತು, ಎರಡೂ ಕಡೆಯವರ ಮಾತು ಕೇಳಿ, ಕುಲದ ವ್ಯಾಜ್ಯ ತೀರ್ಮಾನಿಸುತ್ತಾರೆ. ಯಾರು ಎಲ್ಲಿ ಕೂರಬೇಕು, ಯಾರ ಮಾತು ಮೊದಲು, ಯಾರ ಮಾತು ಕೊನೆ ಎಂಬುದಕ್ಕೆಲ್ಲ ಕಟ್ಟು ಉಂಟು. ಇಷ್ಟು ಅಚ್ಚುಕಟ್ಟಾಗಿ ಕೂಡಿ ತೀರ್ಮಾನಿಸುವ ಪದ್ಧತಿ ಬೇಡ ಸಮುದಾಯದ ಒಳಗೇ ಇದ್ದರೂ ಅದು ಕೋಟೆಯ ಮೇಲಿನ ಗದ್ದುಗೆಯವರೆಗೆ ಏರಲಿಲ್ಲ. ದನದ ವ್ಯಾಜ್ಯಕ್ಕೆ ಪಂಚಾಯ್ತಿ, ರಾಜ್ಯದ ವ್ಯಾಜ್ಯಕ್ಕೆ ಕತ್ತಿ ಎಂಬಂತಾಯಿತು.

ರೋಮಿನವರು ಹುಟ್ಟಿನಿಂದ ಬುದ್ಧಿವಂತರಾಗಿದ್ದರೆಂದು ಯಾರೂ ತಿಳಿಯಬೇಕಿಲ್ಲ. ಅವರ ಕಟ್ಟಳೆಯೂ ಅವಮಾನದಿಂದ ಹುಟ್ಟಿದ್ದೇ. ಗೆಲ್ಲಲು ಮೂರರಲ್ಲಿ ಎರಡು ಪಾಲು ಮತ ಬೇಕೆಂದು 1179ರಲ್ಲೇ ಗೊತ್ತು ಮಾಡಿದ್ದರು. ಅಷ್ಟು ಸಾಲಲಿಲ್ಲ. 1268ರಲ್ಲಿ ಪೋಪ್ ತೀರಿಕೊಂಡಾಗ ವಿತೆರ್ಬೊ ಎಂಬ ಊರಿನಲ್ಲಿ ಸೇರಿದ ಕಾರ್ಡಿನಲ್‌ಗಳು ಮೂರು ವರ್ಷಕ್ಕೆ ಹತ್ತಿರವಾದರೂ ಒಬ್ಬರನ್ನು ಆರಿಸಲಿಲ್ಲ. ಬೇಸತ್ತ ಊರಿನವರು ಅವರನ್ನು ಅರಮನೆಯಲ್ಲಿ ಕೂಡಿ ಬೀಗ ಹಾಕಿದರು, ಊಟ ಕಡಿಮೆ ಮಾಡಿದರು, ಮಾಡಿನ ಹೊದಿಕೆಯನ್ನೇ ಕಿತ್ತರು. ಕೊನೆಗೆ 1271ರಲ್ಲಿ ಆಯ್ಕೆಯಾದ ಹತ್ತನೆಯ ಗ್ರೆಗರಿ ಈ ಒತ್ತಾಯವನ್ನೇ 1274ರಲ್ಲಿ ಶಾಸನ ಮಾಡಿದರು: ಪೋಪ್ ತೀರಿಕೊಂಡ ಹತ್ತು ದಿನಕ್ಕೆ ಕಾರ್ಡಿನಲ್‌ಗಳನ್ನು ಒಳಗೆ ಕೂಡಬೇಕು, ಮೂರು ದಿನದಲ್ಲಿ ತೀರ್ಮಾನವಾಗದಿದ್ದರೆ ಹೊತ್ತಿಗೆ ಒಂದೇ ಬಗೆಯ ಪದಾರ್ಥ, ಇನ್ನೂ ಐದು ದಿನ ಕಳೆದರೆ ರೊಟ್ಟಿ, ನೀರು, ದ್ರಾಕ್ಷಾರಸ ಮಾತ್ರ. 1621ರಲ್ಲಿ ಹದಿನೈದನೆಯ ಗ್ರೆಗರಿ ಗುಟ್ಟಿನ ಚೀಟಿಯ ಮತವನ್ನು ಕಡ್ಡಾಯ ಮಾಡಿದರು. ದುರ್ಗದಲ್ಲಿ ಮೊದಲನೆಯ ಕಸ್ತೂರಿ ರಂಗಪ್ಪ ನಾಯಕನ ಆಳ್ವಿಕೆಯ ನಡುಗಾಲ ಅದು.

1689ರ ಆಯ್ಕೆಯೂ ಅದೇ ಕ್ರಮದಲ್ಲಿ ನಡೆಯಿತು. ವ್ಯಾಟಿಕನ್ ಅರಮನೆಯ ಹಜಾರಗಳಲ್ಲಿ ಮರದ ಚೌಕಟ್ಟು ನಿಲ್ಲಿಸಿ, ಬಟ್ಟೆಯ ಪರದೆ ಇಳಿಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಕೋಣೆ. ತೀರಿಕೊಂಡ ಪೋಪರಿಂದ ಪದವಿ ಪಡೆದವರ ಪರದೆ ನೇರಳೆ, ಮಿಕ್ಕವರದು ಹಸಿರು. ಯಾರು ಯಾರ ಋಣದಲ್ಲಿ ಇದ್ದಾರೆ ಎಂಬುದು ಬಾಗಿಲಲ್ಲೇ ತಿಳಿಯುತ್ತಿತ್ತು. ಹೊರಗಿನ ಊಟ ಗೋಡೆಯಲ್ಲಿ ಕೂರಿಸಿದ ತಿರುಗುವ ಪೆಟ್ಟಿಗೆಯ ಮೂಲಕ ಒಳಗೆ ಹೋಗಬೇಕು. ಹೋಗುವ ಮೊದಲು ಚೀಟಿ ಗೀಟಿ ಅಡಗಿದೆಯೇ ಎಂದು ಪಾತ್ರೆಗಳನ್ನು ತೆಗೆದು ನೋಡುತ್ತಿದ್ದರು. ಇಷ್ಟೆಲ್ಲ ಕಾವಲಿದ್ದರೂ ಫ್ರಾನ್ಸ್, ಸ್ಪೇನ್, ಆಸ್ಟ್ರಿಯಾದ ಅರಸರು ತಮಗೆ ಬೇಡವಾದವರ ಹೆಸರನ್ನು ತಮ್ಮ ಕಡೆಯ ಕಾರ್ಡಿನಲ್ ಬಾಯಿಂದ ಹೇಳಿಸಿ ತಡೆಯುತ್ತಿದ್ದರು. ಕಾರ್ಡಿನಲ್‌ಗಳು ಆ ತಡೆಯನ್ನು ಮನ್ನಿಸುತ್ತಲೂ ಇದ್ದರು. ರೋಮಿನಲ್ಲೂ ದಳವಾಯಿಗಳಿದ್ದರು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ. ವ್ಯತ್ಯಾಸ ಇಷ್ಟೇ: ಅವರ ಒತ್ತಡ ಚೀಟಿಯೊಳಗೆ ಹಾದು ಬರಬೇಕಿತ್ತು.

ನಮ್ಮ ಭರಮಣ್ಣ ಬಂದ ದಾರಿ ಬೇರೆ. ಮುದ್ದಣ್ಣನ ಕೈ ಮೇಲಾಗಿದ್ದಾಗ ಅದನ್ನು ಮುರಿಯಲು ಇನ್ನೊಂದು ಬಣ ಕಟ್ಟಿದವರಲ್ಲಿ ಮುಖ್ಯ ಹೆಸರು ಪರಶುರಾಮಪ್ಪ ನಾಯಕನದು. ದಳವಾಯಿ ಬಿದ್ದ, ಅವನು ಕೂರಿಸಿದ ದೊಣ್ಣೆ ರಂಗಪ್ಪನ ಆಟವೂ ಅಲ್ಲಿಗೆ ಮುಗಿಯಿತು. ಗದ್ದುಗೆ ಮತ್ತೆ ಖಾಲಿ. ಆಗ ಅವರು ಕರೆತಂದದ್ದು ಬಿಳಿಚೋಡಿನ ಹೆಸರು ಅಂಟಿಕೊಂಡಿದ್ದ ಭರಮಣ್ಣನನ್ನು. ಬಿಳಿಚೋಡು ಇರುವುದು ಜಗಳೂರು ಕಡೆ, ಈಗಿನ ದಾವಣಗೆರೆ ಜಿಲ್ಲೆಯಲ್ಲಿ. ಗೆದ್ದ ಬಣ ತಾನೇ ಗದ್ದುಗೆ ಏರಲಿಲ್ಲ. ಕತ್ತಿ ಹಿಡಿದು ಗೆದ್ದವರು ಪಟ್ಟವನ್ನು ಇನ್ನೊಬ್ಬನ ತಲೆಗೆ ಕಟ್ಟಿ ಹಿಂದೆ ನಿಂತದ್ದು ಆ ಹದಿನೈದು ವರ್ಷದ ಕಥೆಯಲ್ಲಿ ಕಾಣುವ ದೊಡ್ಡ ಗುಣ. ಅದಕ್ಕೆ ಸಲ್ಲಬೇಕಾದ ಗೌರವ ಪರಶುರಾಮಪ್ಪನಿಗೆ ಸಂದಿಲ್ಲ.

ಆದರೆ ದುರ್ಗದ ಜನ ಈ ಆಯ್ಕೆಯನ್ನು ನೆನೆಯುವುದು ಬಣದ ಹೆಸರಿನಿಂದಲ್ಲ, ಗುರುವಿನ ಹೆಸರಿನಿಂದ. ಮುರುಘಾಮಠದ ಪರಂಪರೆ ಹೇಳುವ ಪ್ರಕಾರ ಭರಮಣ್ಣ ಇನ್ನೂ ಹುಡುಗನಾಗಿದ್ದಾಗಲೇ ಶಾಂತವೀರ ಸ್ವಾಮಿಗಳು ಅವನನ್ನು ಕಂಡು, ನೀನು ಅರಸನಾಗುತ್ತೀಯೆ ಎಂದು ಹರಸಿದ್ದರು. ಅರಸನಾದ ಮೇಲೆ ಅವನು ಬಂದು ಏನು ಸೇವೆ ಮಾಡಲಿ ಎಂದು ಕೇಳಿದ. ಗುರುಗಳು ತಮಗಾಗಿ ಏನೂ ಕೇಳದೆ ಮಠಕ್ಕೆ ನೆಲೆ ಕೇಳಿದರು. ಕೋಟೆಯೊಳಗೆ ಒಂದು ಮಠ, ಊರ ಹೊರಗೆ ವಾಯವ್ಯದಲ್ಲಿ ಬೃಹನ್ಮಠ ಎದ್ದದ್ದು ಹಾಗೆ.

ಐತಿಹ್ಯ ಎಂದು ಇದನ್ನು ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಅದು ಮಾಡಿದ ಕೆಲಸವನ್ನು ನೋಡಬೇಕು. ಹದಿನೈದು ವರ್ಷ ಯಾರು ಬೇಕಾದರೂ ಯಾರನ್ನು ಬೇಕಾದರೂ ಕೊಂದು ಕೂರಬಹುದು ಎಂಬ ಸ್ಥಿತಿ ಇತ್ತು. ರಕ್ತಸಂಬಂಧ ದೂರದ್ದು, ಏರಿಸಿದ ಬಣ ಮೊನ್ನೆ ಮೊನ್ನೆ ಗೆದ್ದದ್ದು. ಇಂಥವನನ್ನು ಊರು ಒಪ್ಪಬೇಕಾದರೆ ಬಣಗಳ ಆಚೆಗಿನ ಒಂದು ಬಾಯಿ ‘ಇವನೇ’ ಎನ್ನಬೇಕಿತ್ತು. ಬೇಡ ಕುಲದ ಅರಸನಿಗೆ ವಿರಕ್ತ ಮಠದ ಗುರು ಆ ಬಾಯಾದರು. ವಿರಕ್ತನಿಗೆ ಮಗನಿಲ್ಲ, ಮಗನಿಗಾಗಿ ಗದ್ದುಗೆ ಬೇಕಿಲ್ಲ. ಅದಕ್ಕೇ ಅವರ ಮಾತಿಗೆ ಆ ತೂಕ. ಕಾರ್ಡಿನಲ್‌ಗಳ ಚೀಟಿ ರೋಮಿನಲ್ಲಿ ಮಾಡಿದ್ದನ್ನು ದುರ್ಗದಲ್ಲಿ ಒಂದಿಷ್ಟು ಮಟ್ಟಿಗೆ ಗುರುವಿನ ಹರಕೆ ಮಾಡಿತು. ಆದರೆ ಹರಕೆ ಆ ಒಬ್ಬನಿಗೆ ಮಾತ್ರ ಸಲ್ಲುವುದು.

ಭರಮಣ್ಣ 32 ವರ್ಷ ಆಳಿದ. ಅವನ ಕಾಲದ ದೊಡ್ಡ ಅಪಾಯ ಆಗ್ನೇಯದಿಂದ ಬಂತು. 1687ರ ಹೊತ್ತಿಗೆ ಔರಂಗಜೇಬನ ಸೈನ್ಯ ಸಿರಾದಲ್ಲಿ ತಳ ಊರಿತ್ತು. ಅಲ್ಲಿಂದ ಹಿರಿಯೂರು ಕುದುರೆಗೆ ಒಂದು ಹಗಲಿನ ದಾರಿ. 1695ರ ಕೊನೆಯಲ್ಲಿ ಮರಾಠಾ ಸೇನಾಪತಿ ಸಂತಾಜಿ ಘೋರ್ಪಡೆ ಈ ಸೀಮೆಗೆ ನುಗ್ಗಿದಾಗ ಅವನನ್ನು ತಡೆಯಲು ಹೊರಟವನು ಮೊಗಲ್ ಸರದಾರ ಕಾಸಿಮ್ ಖಾನ್. ಖಾನನ ಡೇರೆಗಳು, ಪಾತ್ರೆ ಪಡಗಗಳು ಒಂದು ಹರಿದಾರಿಗೂ ಹೆಚ್ಚು ಮುಂದೆ ಹೋಗಿದ್ದವು. ಸಂತಾಜಿ ಮೊದಲು ಬಿದ್ದದ್ದೇ ಅವುಗಳ ಮೇಲೆ. ಮೂರು ದಿನ ಬಯಲಲ್ಲಿ ಹೊಡೆಸಿಕೊಂಡ ಮೊಗಲ್ ಪಡೆ ಚಳ್ಳಕೆರೆ ಹತ್ತಿರದ ದೊಡ್ಡೇರಿಯ ಪುಟ್ಟ ಕೋಟೆಗೆ ಬಂದು ಸಿಕ್ಕಿಕೊಂಡಿತು. ಅಷ್ಟರಲ್ಲಿ ಭರಮಣ್ಣ ತನ್ನ ಬೇಡ ಪದಾತಿಗಳನ್ನು ಸಂತಾಜಿಯ ಬೆಂಬಲಕ್ಕೆ ಇಳಿಸಿದ್ದ. ಮೊಗಲರ ಕಡೆಯ ಬರಹಗಳೇ ಆ ಕರಿಯ ಕಾಲಾಳುಗಳ ಗುಂಡಿನ ಪೆಟ್ಟನ್ನು ನೆನೆಯುತ್ತವೆ. ಕೋಟೆಯಲ್ಲಿ ಧಾನ್ಯ ಮುಗಿಯಿತು, ಮನೆಗಳ ಹುಲ್ಲು ಹೊದಿಕೆ ಕಿತ್ತು ಕುದುರೆಗಳಿಗೆ ಹಾಕಿದರು. ಕಾಸಿಮ್ ಖಾನ್ ಒಳಗೇ ಸತ್ತ. ಮಿಕ್ಕವರು ದೊಡ್ಡ ಮೊತ್ತದ ಹಣ ಒಪ್ಪಿಕೊಂಡು ಬರಿಗೈಯಲ್ಲಿ ಹೊರಬಂದರು. ಆ ಕಾಲಕ್ಕೆ ಹಿಂದೂಸ್ತಾನದ ಅತಿ ದೊಡ್ಡ ಸಾಮ್ರಾಜ್ಯಕ್ಕೆ ನಮ್ಮ ಜಿಲ್ಲೆಯ ಒಂದು ಕೆರೆಯ ಪಕ್ಕ ಆದ ಸೋಲು ಅದು. ದೊಡ್ಡೇರಿಯಲ್ಲಿ ಇದನ್ನು ಹೇಳುವ ಒಂದು ದೊಡ್ಡ ಸ್ಮಾರಕ ಇರಬೇಕಿತ್ತು ಎಂಬುದು ನನ್ನ ಆಸೆ.

ಯುದ್ಧಕ್ಕಿಂತ ಹೆಚ್ಚಾಗಿ ಅವನು ಉಳಿದಿರುವುದು ನೀರಿನಲ್ಲಿ. ಅವನ ಹೆಸರಿಗೆ ಹತ್ತಾರು ದೇವಾಲಯ, ಕೋಟೆಯ ಹೊಸ ಕಟ್ಟಡ, ಇಪ್ಪತ್ತರಷ್ಟು ಕೆರೆಗಳನ್ನು ಹೇಳುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ದುರ್ಗದಿಂದ ದಾವಣಗೆರೆ ಕಡೆಗೆ ಹೋಗುವವರಿಗೆ ಭರಮಸಾಗರ ಸಿಗುತ್ತದೆ; ಊರಿಗೂ ಕೆರೆಗೂ ಅವನದೇ ಹೆಸರು. ಬಹಳ ವರ್ಷ ಒಣಗಿ ಬಿರುಕು ಬಿಟ್ಟಿದ್ದ ಆ ಕೆರೆಗೆ ಈಚೆಗೆ ಏತ ನೀರಾವರಿ ಯೋಜನೆಯಿಂದ ತುಂಗಭದ್ರೆಯ ನೀರು ಬಂತು. ನದಿಯಿಲ್ಲದ ಬಯಲಿನಲ್ಲಿ ಎಲ್ಲಿ ಏರಿ ಹಾಕಿದರೆ ನೀರು ನಿಲ್ಲುತ್ತದೆ ಎಂದು ಮುನ್ನೂರು ವರ್ಷದ ಹಿಂದೆ ಗುರುತು ಮಾಡಿದವರ ಲೆಕ್ಕ ತಪ್ಪಿರಲಿಲ್ಲ: ಇಂದಿನ ಪಂಪಿನ ನೀರು ಬಂದು ನಿಂತದ್ದು ಅದೇ ಏರಿಯ ಹಿಂದೆ. ಕಮ್ಮಿ ಮಳೆಯ ಈ ಸೀಮೆಯಲ್ಲಿ ಒಬ್ಬ ಅರಸನ ಯೋಗ್ಯತೆ ಅಳೆಯಲು ಕೆರೆಗಿಂತ ಒಳ್ಳೆಯ ಅಳತೆ ನನಗೆ ತಿಳಿದಿಲ್ಲ.

1703ರಲ್ಲಿ ದುರ್ಗಕ್ಕೆ ಪ್ಲೇಗಿನಂಥ ಮಾರಿ ಬಡಿಯಿತು. ಜನ ಊರು ಬಿಟ್ಟು ಹೊರಗೆ ಹೋದರು, ಪೇಟೆ ಬಿಕೋ ಎಂದಿತು. ಅದೇ ವರ್ಷ ಜನವರಿ ಫೆಬ್ರವರಿಯಲ್ಲಿ ಮಧ್ಯ ಇಟಲಿ ಭೂಕಂಪದಿಂದ ನಡುಗಿ, ರೋಮಿನ ಕೊಲೋಸಿಯಮ್ಮಿನ ಕೆಲವು ಕಮಾನುಗಳು ಉರುಳಿದವು. ಆಗ ಪೋಪ್ ಆಗಿದ್ದವರು ಹನ್ನೊಂದನೆಯ ಕ್ಲೆಮೆಂಟ್. ಪೀಠಕ್ಕೆ ಬಂದು ಮೂರನೆಯ ವರ್ಷ.

ಈ ಕ್ಲೆಮೆಂಟ್ ಭರಮಣ್ಣನ ಸಮಕಾಲೀನರಲ್ಲಿ ನನಗೆ ಬಹಳ ಹತ್ತಿರ ಎನಿಸುವವರು. ಅವರಿಗಿಂತ ಮೊದಲು ಏನಾಗಿತ್ತು ಎಂದರೆ, 1689ರಲ್ಲಿ ಬಂದ ಎಂಟನೆಯ ಅಲೆಕ್ಸಾಂಡರ್ ತಡಮಾಡದೆ ಅದೇ ನವೆಂಬರಿನಲ್ಲಿ ತಮ್ಮ ಅಣ್ಣತಮ್ಮಂದಿರ ಪೀಳಿಗೆಯ 22 ವರ್ಷದ ಹುಡುಗನನ್ನು ಕಾರ್ಡಿನಲ್ ಮಾಡಿದರು. ಮಕ್ಕಳಿಲ್ಲದ ಪೀಠದಲ್ಲಿ ಮಗನ ಜಾಗಕ್ಕೆ ತಮ್ಮನ ಮಗ ಬಂದು ಕೂರುವುದು ಅಲ್ಲಿನ ಹಳೆಯ ರೂಢಿ. 1691ರ ಆಯ್ಕೆ ಐದು ತಿಂಗಳು ಎಳೆದು, ಜುಲೈ 12ರ ಸುಡುಬಿಸಿಲಿನಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಬಂದರು. ಅವರು 1692ರಲ್ಲಿ ಹೊರಡಿಸಿದ ಆಜ್ಞೆ ಈ ರೂಢಿಯ ಕುತ್ತಿಗೆಗೇ ಕೈ ಹಾಕಿತು: ಇನ್ನು ಮೇಲೆ ಯಾವ ಪೋಪರೂ ಬಂಧುಗಳಿಗೆ ಆಸ್ತಿ, ಹುದ್ದೆ, ಆದಾಯ ಕೊಡಕೂಡದು, ಯೋಗ್ಯನಿದ್ದರೆ ಒಬ್ಬನಿಗೆ ಮಾತ್ರ ಕಾರ್ಡಿನಲ್ ಪದವಿ. ಆ ಆಜ್ಞೆಯ ಕರಡಿನಲ್ಲಿ ಕೈ ಇದ್ದವರು ಜಿಯೋವಾನ್ನಿ ಫ್ರಾನ್ಸೆಸ್ಕೊ ಆಲ್ಬಾನಿ. 1700ರ ನವೆಂಬರ್ 23ರಂದು ಆಯ್ಕೆಯಾಗಿ ಕ್ಲೆಮೆಂಟ್ ಎಂಬ ಹೆಸರು ಪಡೆದವರು ಅವರೇ. ಆಗ ಅವರ ವಯಸ್ಸು 51, ಪಾದ್ರಿದೀಕ್ಷೆ ಪಡೆದು ತಿಂಗಳುಗಳಷ್ಟೇ ಆಗಿತ್ತು. ಒಪ್ಪಿಕೊಳ್ಳಲು ಮೂರು ದಿನ ಹಿಂದೆ ಮುಂದೆ ನೋಡಿದರು.

ಅವರ ಆಳ್ವಿಕೆಯ ನೆರಳು ನಮ್ಮ ದಕ್ಷಿಣದ ಮೇಲೂ ಬಿತ್ತು. ಅವರು ಕಳಿಸಿದ ಪ್ರತಿನಿಧಿ ತೂರ್ನೋ 1703ರ ನವೆಂಬರಿನಲ್ಲಿ ಪುದುಚೇರಿಗೆ ಬಂದಿಳಿದು, ಮರುವರ್ಷ ತಾಳಿ, ವಿಭೂತಿ, ಜಾತಿಭೇದ ಮುಂತಾದ ವಿಷಯದಲ್ಲಿ ಇಲ್ಲಿನ ಪಾದ್ರಿಗಳು ನಡೆಸಿಕೊಂಡು ಬಂದಿದ್ದ ಹೊಂದಾಣಿಕೆಗಳಿಗೆ ನಿಷೇಧ ಹಾಕಿದ. ದೂರದಲ್ಲಿ ಕೂತು ಇಲ್ಲಿನ ಜನಜೀವನ ಅಳೆದ ಆ ನಿರ್ಧಾರದ ಜಗಳ ನಾಲ್ಕು ದಶಕ ಎಳೆಯಿತು. ಅದು ಕ್ಲೆಮೆಂಟರ ಸೋಲು ಎಂದೇ ನನ್ನ ಎಣಿಕೆ. ಆದರೆ ಅವರು ಎಷ್ಟೇ ಎಡವಿದರೂ ರೋಮಿನಲ್ಲಿ ಗದ್ದುಗೆಗಾಗಿ ಯಾರ ಕುತ್ತಿಗೆಯೂ ಹೋಗಲಿಲ್ಲ. 1721ರ ಮಾರ್ಚ್ 19ರಂದು ಅವರು ತೀರಿಕೊಂಡರು. ಮುಂದಿನ ಆಯ್ಕೆಯಲ್ಲಿ ಪವೊಲುಚ್ಚಿ ಎಂಬ ಕಾರ್ಡಿನಲ್ ಗೆಲುವಿನ ಹತ್ತಿರ ಬಂದಾಗ ಆಸ್ಟ್ರಿಯಾದ ಚಕ್ರವರ್ತಿಯ ಕಡೆಯಿಂದ ತಡೆ ಬಂತು. ಕಾರ್ಡಿನಲ್‌ಗಳು ನಿಟ್ಟುಸಿರು ಬಿಟ್ಟು ಮತ್ತೆ ಚೀಟಿ ಬರೆದರು, ಮೇ 8ಕ್ಕೆ ಇನ್ನೊಬ್ಬರು ಬಂದರು.

ಭರಮಣ್ಣನ ಕಾಲ ಮುಗಿದದ್ದೂ ಅದೇ 1721ರಲ್ಲಿ. ಅವನ ಮಗ ಹಿರೇ ಮದಕರಿ ನಾಯಕ ಪಟ್ಟಕ್ಕೆ ಬಂದ. 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಸತ್ತ. ಅವನ ನಂತರ ಎರಡನೆಯ ಕಸ್ತೂರಿ ರಂಗಪ್ಪ ನಾಯಕ. 65 ವರ್ಷ ಗದ್ದುಗೆಗಾಗಿ ಒಳಗಿನ ಕತ್ತಿ ಹೊರಬರಲಿಲ್ಲ. ಈ ನೆಮ್ಮದಿಯಲ್ಲಿ ಯಾರಾದರೂ ಕೂತು, ಮುಂದೆ ವಾರಸುದಾರ ಇಲ್ಲದೆ ಹೋದರೆ ಯಾರು ಸೇರಬೇಕು, ಹೇಗೆ ಆರಿಸಬೇಕು ಎಂದು ಬರೆದಿಟ್ಟಿದ್ದರೆ! 1754ರಲ್ಲಿ ಕಸ್ತೂರಿ ರಂಗಪ್ಪ ಮಕ್ಕಳಿಲ್ಲದೆ ತೀರಿಕೊಂಡಾಗ ದುರ್ಗ ಮತ್ತೆ ಬರಿಗೈಯಲ್ಲಿ ನಿಂತಿತ್ತು.

ಈ ಸಲ ಆರಿಸಿದ್ದು ಹೆಚ್ಚಾಗಿ ಅರಮನೆಯ ಹೆಂಗಸರ ವಿವೇಕ ಎನ್ನುತ್ತದೆ ದುರ್ಗದ ನೆನಪು. ರಾಜಮಾತೆ ಓಬವ್ವ ನಾಗತಿ, ಪ್ರಧಾನಿಗಳು, ದಳವಾಯಿಗಳು ಸೇರಿ ಕುಲದ ಬೇರೆ ಕವಲುಗಳತ್ತ ಕಣ್ಣಾಡಿಸಿದರು. ಹೊಸದುರ್ಗ ಸೀಮೆಯ ಜಾನಕಲ್ಲಿನಲ್ಲಿ ಭರಮಪ್ಪ ನಾಯಕ ಎಂಬವನಿಗೆ ಒಬ್ಬ ಮಗನಿದ್ದ. ವಯಸ್ಸು ಹನ್ನೆರಡರ ಆಸುಪಾಸು. ಅವನನ್ನು ಕರೆತಂದು ಮದಕರಿ ಎಂಬ ಹೆಸರಿನಲ್ಲಿ ಪಟ್ಟ ಕಟ್ಟಿದರು. ಕೋಟೆಯೊಳಗೆ ಸಂಪಿಗೆ ಸಿದ್ಧೇಶ್ವರನ ಗುಡಿಯ ಮುಂದೆ ಇಂದಿಗೂ ಜನ ‘ಪಟ್ಟ ಕಟ್ಟುತ್ತಿದ್ದ ಜಾಗ ಇದೇ’ ಎಂದು ತೋರಿಸುತ್ತಾರೆ. ಬೆಟ್ಟದ ಬಂಡೆಗೆ ಬೆನ್ನು ಕೊಟ್ಟ ಗುಡಿ, ಎದುರಿಗೆ ತೆರೆದ ಬಯಲು. ಅರಮನೆಯ ಮಣ್ಣಿನ ಗೋಡೆಗಳು ಅಲ್ಲಿಂದ ದೂರವಿಲ್ಲ. ಕಲ್ಲಿನ ಕೋಟೆಯಲ್ಲಿ ಅರಸರು ಇದ್ದದ್ದು ಮಣ್ಣಿನ ಮನೆಯಲ್ಲಿ. ಮಾಡು ಹೋಗಿ ಎರಡು ಶತಮಾನ ಕಳೆದರೂ ಆ ಗೋಡೆಗಳ ಮೊಂಡುತುಂಡುಗಳು ಮಳೆಗೆ ಕರಗದೆ ನಿಂತಿವೆ. ಒನಕೆ ಓಬವ್ವನ ಕಿಂಡಿ ನೋಡಿ ಇಳಿದುಬಿಡುವ ಪ್ರವಾಸಿಗರು ಇನ್ನಷ್ಟು ಹತ್ತಿ ಇಲ್ಲಿಗೆ ಬರಬೇಕು. ಜಾನಕಲ್ಲಿನ ಹುಡುಗ ಬಂದು ನಿಂತದ್ದು ಇಲ್ಲೇ.

ಆರಿಸಿದವರ ಕಣ್ಣು ತಪ್ಪಿರಲಿಲ್ಲ. ಹುಡುಗ 25 ವರ್ಷ ದುರ್ಗವನ್ನು ಹಿಡಿದು ನಿಲ್ಲಿಸಿದ. ಹೈದರಾಲಿ ಒಮ್ಮೆ ಮಿತ್ರ, ಒಮ್ಮೆ ಶತ್ರು. 1763ರಲ್ಲಿ ಹೈದರ್ ಬಿದನೂರಿಗೆ ನುಗ್ಗುವಾಗ, ಬಿದನೂರಿನ ನಿಜವಾದ ವಾರಸುದಾರ ನಾನೇ ಎನ್ನುವ ಚೆನ್ನಬಸವಯ್ಯ ಎಂಬ ತರುಣನನ್ನು ಅವನ ಮುಂದೆ ತಂದು ನಿಲ್ಲಿಸಿದ್ದು ಚಿತ್ರದುರ್ಗದ ಕಡೆಯವರು. ಪಕ್ಕದ ಗದ್ದುಗೆಯ ವಾರಸಿಕೆಯ ಗೊಂದಲ ಹೈದರನಿಗೆ ಬಾಗಿಲು ತೆರೆಯಿತು. ಅದೇ ಹೈದರ್ 1777ರಲ್ಲಿ ದುರ್ಗವನ್ನೇ ಸುತ್ತುವರಿದ. ಮರಾಠರು ಬರುತ್ತಿದ್ದಾರೆಂದು ತಿಳಿದು, ಭಾರಿ ಹಣ ಒಪ್ಪಿಸಿಕೊಂಡು ಹಿಂದೆ ಸರಿದ, ಮತ್ತೆ ಬಂದ. ಕೋಟೆಯ ಒಳಗಿನ ಕೆಲವರು ಕೈಕೊಟ್ಟರು, 1779ರ ಮಾರ್ಚಿನಲ್ಲಿ ಕೋಟೆ ಬಿತ್ತು. ‘ದುರ್ಗಾಸ್ತಮಾನ’ ಬರೆದು ತ.ರಾ.ಸು. ಕನ್ನಡಿಗರೆಲ್ಲರ ಕಣ್ಣಲ್ಲಿ ನೀರು ತರಿಸಿದ್ದು ಈ ಸೋಲಿಗೆ.

ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಳಾಗಿ ಒಯ್ದರು. ಅದರ ಜೊತೆಗೆ ಹೈದರ್ ಮಾಡಿದ ಇನ್ನೊಂದು ಕೆಲಸವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ದುರ್ಗ ಸೀಮೆಯ ಸುಮಾರು 20,000 ಬೇಡರನ್ನು ಅವನು ಕಾವೇರಿಯ ಆ ದ್ವೀಪಕ್ಕೆ ಎತ್ತಿಕೊಂಡು ಹೋದ. ಅವರ ಹುಡುಗರನ್ನು ಮತಾಂತರಿಸಿ ಚೇಲಾ ಎಂಬ ಹೆಸರಿನ ಪಡೆ ಕಟ್ಟಿದ. ಏರಿದವನನ್ನು ಮಾತ್ರ ತೆಗೆದರೆ ಸಾಲದು, ಮುಂದೆ ಏರಿಸಬಲ್ಲವರೂ ಇಲ್ಲಿ ಉಳಿಯಕೂಡದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತು ವರ್ಷದ ನಂತರ ರೋಮಿಗೂ ಇಂಥದೇ ದಿನ ಬಂತು. ಫ್ರೆಂಚ್ ಸೈನ್ಯ ಆರನೆಯ ಪಯಸ್ ಪೋಪರನ್ನು ಸೆರೆಹಿಡಿದು ಊರಿಂದೂರಿಗೆ ಎಳೆದಾಡಿತು. 1799ರ ಆಗಸ್ಟ್ 29ರಂದು ಅವರು ಫ್ರಾನ್ಸಿನ ವಾಲಾನ್ಸ್ ಊರಿನಲ್ಲಿ ಸೆರೆಯಲ್ಲೇ ತೀರಿಕೊಂಡರು. ಪೋಪರ ಸಂತತಿ ಇಲ್ಲಿಗೆ ಮುಗಿಯಿತೆಂದೇ ಯೂರೋಪಿನಲ್ಲಿ ಹಲವರು ಎಣಿಸಿದರು. ರೋಮ್ ಕಾರ್ಡಿನಲ್‌ಗಳ ಕೈಯಲ್ಲಿ ಇರಲಿಲ್ಲ. ಚದುರಿ ಹೋಗಿದ್ದವರಲ್ಲಿ ಮೂವತ್ತೈದು ಮಂದಿ ವೆನಿಸ್ಸಿನ ಒಂದು ಪುಟ್ಟ ದ್ವೀಪದ ಮಠದಲ್ಲಿ ಸೇರಿ, ಹಳೆಯ ಕ್ರಮದಂತೆಯೇ ಬಾಗಿಲು ಹಾಕಿಕೊಂಡರು. ಮೂರೂವರೆ ತಿಂಗಳು ಚೀಟಿ ಬರೆದು, 1800ರ ಮಾರ್ಚ್ 14ರಂದು ಏಳನೆಯ ಪಯಸ್‌ರನ್ನು ಆರಿಸಿದರು. ತಲೆಗೆ ಇಡಲು ಕಿರೀಟ ಇರಲಿಲ್ಲ. ಕಾಗದದ ರೊಟ್ಟಿನಿಂದ ಒಂದನ್ನು ಮಾಡಿಸಿ ತೊಡಿಸಿದರು.

ಅದೇ 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ. ಇಂಗ್ಲಿಷರು ಮೈಸೂರಿನ ಗದ್ದುಗೆಗೆ ಒಡೆಯರ ಮನೆತನದ ಐದು ವರ್ಷದ ಬಾಲಕನನ್ನು ಹುಡುಕಿ ತಂದು ಕೂರಿಸಿದರು. ದುರ್ಗದ ಗದ್ದುಗೆಗೆ ಯಾರು ಎಂದು ಆಗ ಯಾರೂ ಕೇಳಲಿಲ್ಲ. ಕೇಳಲು ಸೇರಬೇಕಾದವರು ಯಾರು ಎಂಬುದೇ ಎಲ್ಲೂ ಗೊತ್ತುಪಡಿಸಿರಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗದ ನಾಯಕರು ಒಂದೊಂದಾಗಿ ಗಳಿಸಿದ ಸೀಮೆಗಳೆಲ್ಲ ಮೈಸೂರಿನ ಆಡಳಿತ ವಿಭಾಗಕ್ಕೆ ಸೇರಿಹೋದವು.